ಗುಂಡ್ಯದ ಏರಿನಲ್ಲಿ ಬಾಯಾರಿದ ಇಂಜಿನ್

ಇಳಿಯುವಾಗ ಒಂದು ಸಲವೂ ಕೆಮ್ಮಲಿಲ್ಲ. ಆನೇಮಹಲ್‌ನಿಂದ ಬೆಳಗ್ಗೆ ಹೊರಟು, ದೋಣಿಗಾಲ್ ದಾಟಿ, ಮಾರನಹಳ್ಳಿಯಿಂದಾಚೆ ಶಿರಾಡಿ ಘಾಟಿಯ ತಿರುವುಗಳನ್ನಿಳಿದು ಉಪ್ಪಿನಂಗಡಿಯ ಮದುವೆ ಚಪ್ಪರ ಮುಟ್ಟುವವರೆಗೂ ನಮ್ಮ ಜಿಪ್ಸಿ ಒಂದೇ ದನಿಯಲ್ಲಿ ಓಡಿತು. ಇಂಜಿನ್ ಕೆಲಸ ಮುಗಿದು ಗಾಡಿ ಮನೆಗೆ ಬಂದು ಹನ್ನೊಂದು ದಿನವಾಗಿತ್ತಷ್ಟೆ. ಬೋರ್ ಮಾಡಿಸಿ, ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಹೊಸದು ಹಾಕಿಸಿ, ಹೆಡ್ ಕೆಲಸವನ್ನೂ ಮುಗಿಸಿಕೊಂಡು ತಂದಿದ್ದೆ. ಅಂಗಳದಲ್ಲಿ ನಿಲ್ಲಿಸಿ ಅರ್ಧ ಗಂಟೆ ಸ್ಲೋನಲ್ಲಿ ಬಿಟ್ಟರೂ ಒಂದೇ ಒಂದು ಮಿಸ್ಸಿಂಗ್ ಇರಲಿಲ್ಲ.

ಊಟ ಮುಗಿಸಿ ಮರಳುವಾಗ ಗುಂಡ್ಯ ದಾಟಿತು, ಏರು ಗಟ್ಟಿಯಾಯಿತು. ಎರಡನೇ ಗೇರಿನಲ್ಲಿ ಎಳೆಯುತ್ತಿದ್ದ ಗಾಡಿ ಯಾರೋ ಹಿಂದಿನಿಂದ ಹಿಡಿದು ಬಿಟ್ಟಂತೆ ಎರಡು ಸಲ ಜಗ್ಗಿತು. ಕಾಲೊತ್ತಿದರೆ ಪಿಕಪ್ ಇಲ್ಲ. ಮೂರನೇ ಜಗ್ಗಿಗೆ ಆಫ್. ಹಿಂದೆ ಮಂಗಳೂರು ಬಂದರಿನಿಂದ ಬರುವ ಟ್ಯಾಂಕರುಗಳ ಸಾಲು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೊಳೆ. ಹತ್ತು ನಿಮಿಷ ಕಾದು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಒಂದೂವರೆ ಕಿಲೋಮೀಟರ್ ಏರುವಷ್ಟರಲ್ಲಿ ಮತ್ತೆ ಅದೇ ಜಗ್ಗು. ಮನೆಯ ಗೇಟು ಕಾಣುವ ಹೊತ್ತಿಗೆ ಐದು ಸಲ ನಿಂತಿತ್ತು.

ಇಂಜಿನ್ ಬಿಚ್ಚಿ ಕಟ್ಟಿದ ಗಾಡಿಗೆ ಆಮೇಲೆ ಏನೇ ಬಂದರೂ ದೋಷ ಇಂಜಿನ್‌ದೇ ಎಂದು ಊರೆಲ್ಲ ತೀರ್ಮಾನಿಸುತ್ತದೆ. ಹೆಡ್ ಪ್ಯಾಕಿಂಗ್ ಹೋಗಿದೆ ಎಂದರು ಒಬ್ಬರು. ಟೈಮಿಂಗ್ ಒಂದು ಹಲ್ಲು ತಪ್ಪಿದೆ ಎಂದರು ಇನ್ನೊಬ್ಬರು. ಪಿಸ್ಟನ್ ಬಿಗಿಯಾಗಿ ಹಿಡಿಯುತ್ತಿದೆ, ಬಿಸಿಗೆ ಉಬ್ಬುತ್ತಿದೆ ಎಂದವರೂ ಇದ್ದರು. ಅಷ್ಟು ಹಣ ಸುರಿದ ಮೇಲೆ ಮನಸ್ಸೂ ಅದೇ ಕಡೆ ಓಡುತ್ತದೆ. ನಾನಂತೂ ಎರಡು ರಾತ್ರಿ ಅದನ್ನೇ ನಂಬಿ, ಬೋರ್ ಮಾಡಿದವರ ಮೇಲೆ ಒಳಗೊಳಗೇ ಸಿಟ್ಟಾಗಿದ್ದೆ.

ಬಾಳ್ಳುಪೇಟೆ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ಇಳಿಯಾಗ ನಿಂತಿತ್ತಾ ಸಾರ್, ಹತ್ತಾಗ ನಿಂತಿತ್ತಾ?" ಹತ್ತುವಾಗ ಎಂದೆ. "ಹಂಗಾದ್ರೆ ಇಂಜಿನ್ ಮುಟ್ಟೋದು ಬ್ಯಾಡ. ಹೊಟ್ಟೆಗಿಲ್ದೆ ನಿಂತೈತೆ" ಎಂದರು.

ಆ ಒಂದು ಪ್ರಶ್ನೆಯಲ್ಲಿ ಎಷ್ಟು ವಿದ್ಯೆ ಅಡಗಿದೆ ಎನ್ನುವುದು ಲೆಕ್ಕ ಹಾಕಿದಾಗ ತಿಳಿಯಿತು. ನಮ್ಮದು 1985ರಲ್ಲಿ ಮಾರುತಿಯವರು ತಂದ ಹಳೆಯ ಮಾದರಿಯ ಜಿಪ್ಸಿ, 970 ಸಿಸಿ, ಕಾರ್ಬ್ಯುರೇಟರ್ ಇರುವುದು. ಇಂಥ ಇಂಜಿನ್ ನಿಂತಲ್ಲೇ ಸ್ಲೋನಲ್ಲಿ ಓಡುವಾಗ ಗಂಟೆಗೆ ಮುಕ್ಕಾಲು ಲೀಟರ್ ಆಸುಪಾಸು ಪೆಟ್ರೋಲ್ ಕುಡಿಯುತ್ತದೆ. ಅದೇ ಇಂಜಿನ್ ಘಾಟಿಯ ಏರಿನಲ್ಲಿ ಎಳೆಯುವಾಗ ಕೇಳುವುದು ಗಂಟೆಗೆ 8ರಿಂದ 10 ಲೀಟರ್ ದರದಲ್ಲಿ. ಹತ್ತು ಪಟ್ಟಿಗೂ ಹೆಚ್ಚು. ನಡುವೆ ಕಾರ್ಬ್ಯುರೇಟರಿನಲ್ಲಿ ಬೊಗಸೆಗೂ ಕಡಿಮೆ ಪೆಟ್ರೋಲ್ ಹಿಡಿಯುವ ಒಂದು ಸಣ್ಣ ತೊಟ್ಟಿ ಇದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ ಅದರಲ್ಲೊಂದು ಫ್ಲೋಟ್ ತೇಲುತ್ತಿರುತ್ತದೆ. ತೊಟ್ಟಿ ತುಂಬಿದರೆ ಫ್ಲೋಟ್ ಮೇಲೆದ್ದು ನೀಡಲ್ ವಾಲ್ವನ್ನು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಪಂಪು ಅರೆಹೊಟ್ಟೆಗೆ ತಂದುಕೊಟ್ಟರೂ ಅಂಗಳದಲ್ಲಿ ನಿಂತ ಗಾಡಿಯ ತೊಟ್ಟಿ ತುಂಬಿಯೇ ಇರುತ್ತದೆ. ಏರಿನಲ್ಲಿ ಮಾತ್ರ ಬರುವುದಕ್ಕಿಂತ ಹೋಗುವುದು ಹೆಚ್ಚಾಗಿ, ಒಂದೋ ಎರಡೋ ನಿಮಿಷದಲ್ಲಿ ತಳ ಕಾಣುತ್ತದೆ. ನಿಂತ ಮೇಲೆ ಬಿಸಿ ಆರಿ, ಸೆಲ್ಫ್ ಹೊಡೆಯುವಾಗ ತೊಟ್ಟಿ ಮತ್ತೆ ತುಂಬುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ, ಮತ್ತೆ ಒಂದೂವರೆ ಕಿಲೋಮೀಟರ್. ಅಂಗಳದ ಪರೀಕ್ಷೆಯಲ್ಲಿ ಪಾಸಾದ ಗಾಡಿ ಘಾಟಿಯಲ್ಲಿ ಫೇಲಾಗುವುದು ಹೀಗೆ.

ಏರಿಗೆ ಇನ್ನೊಂದು ಗುಣವಿದೆ. ಟ್ಯಾಂಕ್ ಇರುವುದು ಹಿಂದೆ, ಪಂಪ್ ಇರುವುದು ಮುಂದೆ ಇಂಜಿನ್ನಿನ ಹೆಡ್ಡಿನ ಮೇಲೆ. ಹತ್ತು ಅಡಿಗೆ ಒಂದಡಿ ಏರುವ ರಸ್ತೆಯಲ್ಲಿ ಟ್ಯಾಂಕು ಇಂಜಿನ್ನಿಗಿಂತ ಇನ್ನೂ ಮುಕ್ಕಾಲು ಅಡಿಯಷ್ಟು ಕೆಳಗೆ ಹೋಗುತ್ತದೆ. ಅಷ್ಟು ಹೆಚ್ಚಿಗೆ ಎಳೆಯಬೇಕು. ಬಾವಿಯ ನೀರು ಇಳಿದಾಗ ಪಂಪು ಒದ್ದಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ತಡಮಾಡಬಾರದೆಂಬುದಕ್ಕೆ ಒಂದು ಕಾರಣ ಹೇಳಿಬಿಡುತ್ತೇನೆ. ದಾರಿಯಲ್ಲಿ ನಿಲ್ಲುವ ತೊಂದರೆ ದೊಡ್ಡದಲ್ಲ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಹತ್ತು ಸಾವಿರ ಲೀಟರ್ ಗಾಳಿ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದರೆ, ಅದೂ ಭಾರ ಎಳೆಯುವಾಗ, ಸಿಲಿಂಡರಿನೊಳಗೆ ಬಿಸಿ ವಿಪರೀತ ಏರುತ್ತದೆ, ಮಿಶ್ರಣ ಸಿಡಿಯತೊಡಗುತ್ತದೆ. ಇನ್ನೂ ಬೋರಿಗೆ ಒಗ್ಗಿಕೊಳ್ಳದ ಹೊಸ ರಿಂಗುಗಳು, ಹೊಸ ಪಿಸ್ಟನ್ನುಗಳು ಅದನ್ನು ಬಹಳ ದಿನ ತಾಳುವುದಿಲ್ಲ. ಸಣ್ಣ ದೋಷವೊಂದು ಎರಡನೇ ಸಲ ಇಂಜಿನ್ ಇಳಿಸುವ ಹಾಗೆ ಮಾಡಬಲ್ಲದು. ಅದಕ್ಕೇ ನನ್ನ ಕೋರಿಕೆ: ಬೋರ್ ಮಾಡಿಸಿದ ಗಾಡಿ ಏರಿನಲ್ಲಿ ಜಗ್ಗಿದರೆ ಕಾಲೊತ್ತಿ ದೂಡಿಕೊಂಡು ಹೋಗಬೇಡಿ, ನಿಲ್ಲಿಸಿ.

ಆ ದಿನ ಮೊದಲು ಬಿಚ್ಚಿದ್ದು ಪ್ಲಗ್ಗುಗಳನ್ನು. ಗಾಡಿಯನ್ನು ಮನೆಯ ಹಿಂದಿನ ಏರಿನಲ್ಲಿ ಹತ್ತಿಸಿ, ಜಗ್ಗಿದ ಕೂಡಲೇ ಕೀ ಆಫ್ ಮಾಡಿ, ಅಲ್ಲೇ ಬಿಚ್ಚಿದರು. ತುದಿ ಒಣಗಿತ್ತು, ಬಿಳಿಚಿಕೊಂಡಿತ್ತು. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದಿದ್ದರೆ ಕರೆಂಟ್ ಕಡೆ, ಕಾಯಿಲ್ ಕಡೆ ನೋಡಬೇಕಿತ್ತು. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಎಂದರ್ಥ. ನಾಲ್ಕೂ ಬಿಳಿ. ಒಂದೆರಡು ಮಾತ್ರ ಬಿಳಿಚಿಕೊಂಡಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸರಿಯಾಗಿ ಕೂರದೆ ಆ ಸಿಲಿಂಡರಿಗೆ ಹೊರಗಿನ ಗಾಳಿ ನುಗ್ಗುತ್ತಿದೆ ಎಂದು ಅನುಮಾನಿಸಬೇಕಾಗುತ್ತಿತ್ತು. ಹೆಡ್ ಇಳಿಸಿ ಕೂರಿಸಿದ ಗಾಡಿಗಳಲ್ಲಿ ಅದು ಬಹಳ ಆಗುತ್ತದೆ, ಪೆಟ್ರೋಲ್ ಸಾಲದ ಲಕ್ಷಣವನ್ನೇ ತೋರಿಸುತ್ತದೆ. ಕಂಪ್ರೆಶನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಅಳೆದಾಗ ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ಬೋರ್ ಮಾಡಿದವರ ಕೆಲಸ ಚೆನ್ನಾಗಿಯೇ ಇತ್ತು.

ಮುಂದಿನ ಪರೀಕ್ಷೆಗೆ ಬೇಕಾದದ್ದು ಒಂದು ಗಾಜಿನ ಬಾಟಲು. ಹಾಗೆ ಹೇಳಿದರೂ ಈ ಕೆಲಸ ಮನೆಯಲ್ಲಿ ಮಾಡುವವರು ಎಚ್ಚರ ತಪ್ಪಬಾರದು. ಇಂಜಿನ್ ತಣ್ಣಗಿರಬೇಕು, ಕಾಯಿಲಿನ ವೈರ್ ತೆಗೆದಿರಬೇಕು, ಗಾಡಿ ಬಯಲಿನಲ್ಲಿರಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು, ಬೀಡಿ ಸಿಗರೇಟಿನವರು ಗೇಟಿನ ಆಚೆ. ಬಿಸಿ ಸೈಲೆನ್ಸರ್ ಮೇಲೆ ಬಿದ್ದ ಪೆಟ್ರೋಲ್ ಯಾರ ಮಾತನ್ನೂ ಕೇಳುವುದಿಲ್ಲ.

ಕಾರ್ಬ್ಯುರೇಟರಿಗೆ ಬರುವ ಪೈಪು ಕಳಚಿ ಬಾಟಲಿಗಿಟ್ಟು ಸೆಲ್ಫ್ ಹೊಡೆಸಿದರು. ಈ ಪಂಪಿನ ಒತ್ತಡ ಹೆಚ್ಚೇನಿಲ್ಲ, 0.2ರಿಂದ 0.35 ಬಾರ್. ಆದರೂ ಸರಿಯಿದ್ದರೆ ಹಸುವಿನ ಕೆಚ್ಚಲಿಂದ ಹಾಲು ಕರೆದ ಹಾಗೆ ಸೊರ್ ಸೊರ್ ಎಂದು ಲಯವಾಗಿ ಚಿಮ್ಮಬೇಕು. ನಮ್ಮದರಲ್ಲಿ ಚಿಮ್ಮಿತು, ಸೋತಿತು, ಮತ್ತೆ ಚಿಮ್ಮಿತು. ಬಾಟಲಿನೊಳಗೆ ಬಿದ್ದ ಪೆಟ್ರೋಲಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು. "ನೋಡಿ, ಗಾಳಿ ಕುಡೀತಾ ಐತೆ" ಎಂದರು.

ಆ ಗುಳ್ಳೆ ನೋಡಿದ ಕ್ಷಣ ನನಗೆ ನೆನಪಾದದ್ದು ಕೆರೆ ಏರಿಯ ಮೇಲಿನ ನಮ್ಮ ಸ್ಪ್ರಿಂಕ್ಲರ್ ಪಂಪು. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ತಪ್ಪಿದರೆ ರೊಬಸ್ಟಾ ಬೆಳೆದವರು ಹಗಲು ರಾತ್ರಿ ನೀರು ಹಾರಿಸಬೇಕು. ಆಗಲೇ ಪಂಪು ಕೈಕೊಡುತ್ತದೆ. ಡೆಲಿವರಿ ಕಡೆಯ ಪೈಪು ಒಡೆದರೆ ತೋಟದ ತುಂಬ ನೀರು ಚಿಮ್ಮಿ ಕಣ್ಣಿಗೆ ಕಾಣುತ್ತದೆ. ಕೆರೆಗೆ ಇಳಿಬಿಟ್ಟ ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಕೂದಲೆಳೆಯ ಬಿರುಕಿದ್ದರೆ ಮಾತ್ರ ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಿರುವುದರಿಂದ ಆ ಬಿರುಕು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಪೈಪು ಮುಟ್ಟಿದರೆ ಒಣಗಿಯೇ ಇರುತ್ತದೆ, ಜೆಟ್‌ಗಳು ಮಾತ್ರ ಅರ್ಧ ದೂರಕ್ಕೆ ಬೀಳುತ್ತವೆ. ಅಂಥ ಪಂಪನ್ನು ಕಾಫಿ ಬೆಳೆಗಾರರೆಲ್ಲ ಒಂದಲ್ಲ ಒಂದು ವರ್ಷ ಕಂಡಿರುತ್ತಾರೆ, ಫುಟ್‌ವಾಲ್ವ್ ಬಿಚ್ಚಿ ತೊಳೆದಿರುತ್ತಾರೆ, ಜಾಯಿಂಟಿಗೆ ಹಳೇ ಟ್ಯೂಬು ಸುತ್ತಿರುತ್ತಾರೆ. ಗಾಡಿಯೊಳಗೂ ಅದೇ ಪಂಪು, ಅದೇ ಸಕ್ಷನ್, ಅದೇ ಗಾಳಿ. ಎರಡು ದಿನ ನಾನು ಬಾನೆಟ್ ಎತ್ತಿ ಹುಡುಕಿದ್ದು ಸೋರಿಕೆಯನ್ನು, ಒದ್ದೆಯನ್ನು. ಈ ದೋಷಕ್ಕೆ ಒದ್ದೆಯೇ ಇಲ್ಲ.

ಆಮೇಲೆ ಅವರು ಮಾಡಿದ ಕೆಲಸದ ಕ್ರಮ ನನಗೆ ಬಹಳ ಹಿಡಿಸಿತು. ಒಂದು ಕ್ಯಾನಿನಲ್ಲಿ ಪೆಟ್ರೋಲ್ ಹಾಕಿ, ಹೊಸ ಹೋಸಿನ ತುಂಡೊಂದನ್ನು ಪಂಪಿನ ಒಳಬಾಯಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕ್ಯಾನಿನೊಳಗೆ ಇಳಿಬಿಟ್ಟರು. ಟ್ಯಾಂಕು, ಲೈನು ಎಲ್ಲ ಪಕ್ಕಕ್ಕೆ ಸರಿದಂತಾಯಿತು. ಸೆಲ್ಫ್ ಹೊಡೆಸಿದರೆ ಬಾಟಲಿಗೆ ಗುಳ್ಳೆಯಿಲ್ಲದ ಗಟ್ಟಿ ಧಾರೆ. ಅಂದರೆ ಪಂಪು ಸರಿ, ಅದರಾಚೆ ಕಾರ್ಬ್ಯುರೇಟರಿನ ಕಡೆಗೂ ಹೋಗಬೇಕಿಲ್ಲ. ಒಂದೇ ಏಟಿಗೆ ಅರ್ಧ ಗಾಡಿ ಅನುಮಾನದಿಂದ ಹೊರಬಿತ್ತು. ಈಗ ಹೊಸ ತುಂಡು ತೆಗೆದು, ಗಾಡಿಯಲ್ಲಿದ್ದ ಗೇಣುದ್ದದ ಹಳೆ ರಬ್ಬರ್ ಹೋಸನ್ನೇ ಪಂಪಿಗೆ ಸಿಕ್ಕಿಸಿ ಕ್ಯಾನಿಗಿಟ್ಟರು. ಗುಳ್ಳೆಗಳು ಮರಳಿ ಬಂದವು. ಹೋಸ್ ಬಗ್ಗಿಸಿ ಬೆಳಕಿಗೆ ಹಿಡಿದರೆ ಕ್ಲಿಪ್ ಕೂರುವ ಜಾಗದಲ್ಲಿ ಹಲಸಿನ ಮರದ ತೊಗಟೆಯ ಹಾಗೆ ಬಿರುಕುಗಳು. ಇಂಜಿನ್ ಇಳಿಸುವಾಗ ಎಳೆದು ಕಿತ್ತು, ಏರಿಸಿದ ಮೇಲೆ ಅದೇ ಹಳೆಯದನ್ನು ಒತ್ತಿ ಕೂರಿಸಿದ್ದರು. ಪಿಸ್ಟನ್ ಹೊಸದು, ರಿಂಗ್ ಹೊಸದು, ಮೂವತ್ತು ವರ್ಷದ ರಬ್ಬರ್ ಮಾತ್ರ ಹಳೆಯದು.

ಬೋರ್ ಮಾಡಿಸುವವರಿಗೆ ನಾನು ಒತ್ತಿ ಹೇಳಬೇಕೆಂದಿರುವುದು ಈ ಒಂದು ಮಾತು. ಇಂಜಿನ್ ಕೆಲಸದ ನಂತರ ಬರುವ ದೋಷಗಳಲ್ಲಿ ಬಹಳಷ್ಟು ಇರುವುದು ಹೊಸದಾಗಿ ಮಾಡಿದ ಭಾಗದೊಳಗಲ್ಲ, ಅಲ್ಲಿಗೆ ಹೋಗಲು ಕಳಚಿ ಮತ್ತೆ ಜೋಡಿಸಿದ ಕಡೆಗಳಲ್ಲಿ. ಹಾಗಾಗಿ ಪಾರ್ಟು ಬದಲಿಸುವ ಮೊದಲು, ಏನೇನು ಕಳಚಿದ್ದರು ಎಂದು ನೆನಪು ಮಾಡಿಕೊಳ್ಳಬೇಕು. ಟ್ಯಾಂಕಿನಿಂದ ಸಿಲಿಂಡರಿನವರೆಗೆ ಪೆಟ್ರೋಲಿನ ಹಿಂದೆ ಹಿಂದೆಯೇ ನಡೆಯಬೇಕು.

ಹಾಗೆ ನಡೆದರೆ ಸಿಗುವ ತಪ್ಪುಗಳು ಒಂದೆರಡಲ್ಲ. ಹಳೆಯ ಜಿಪ್ಸಿಯಲ್ಲಿ ಕ್ಯಾಮ್ ಶಾಫ್ಟಿನಿಂದ ಪಂಪಿಗೆ ತಳ್ಳುಕೊಡುವ ಒಂದು ಚಿಕ್ಕ ಉಕ್ಕಿನ ರಾಡ್ ಇದೆ. ಹೆಡ್ ಬಿಚ್ಚುವಾಗ ಅದನ್ನು ಎಳೆದು ತೆಗೆಯಬೇಕು. ಜೋಡಿಸುವಾಗ ಮರೆತರೆ ಪಂಪು ನೋಡಲು ಸರಿಯಾಗಿಯೇ ಕೂತಿರುತ್ತದೆ, ಹನಿ ಪೆಟ್ರೋಲ್ ಎತ್ತುವುದಿಲ್ಲ. ಪಂಪಿನ ಕೆಳಗಿನ ಪ್ಯಾಕಿಂಗ್ ಮೊದಲಿಗಿಂತ ದಪ್ಪವಾದರೂ ತಳ್ಳು ಕಡಿಮೆಯಾಗಿ ಸಪ್ಲೈ ಸೊರಗುತ್ತದೆ. ಆ ಪಂಪಿಗೆ ಮೂರು ಬಾಯಿ: ಟ್ಯಾಂಕಿನಿಂದ ಬರುವುದು, ಕಾರ್ಬ್ಯುರೇಟರಿಗೆ ಹೋಗುವುದು, ಹೆಚ್ಚಾದದ್ದು ಟ್ಯಾಂಕಿಗೆ ಮರಳುವುದು. ಬರುವ ಪೈಪು, ಮರಳುವ ಪೈಪು ಅದಲುಬದಲಾದರೆ ದೋಷ ವಿಚಿತ್ರವಾಗಿ ಆಡುತ್ತದೆ. ಮರಳುವ ಪೈಪು ಸಾಮಾನ್ಯವಾಗಿ ಟ್ಯಾಂಕಿನ ಮೇಲ್ಭಾಗದಲ್ಲೇ ಮುಗಿಯುತ್ತದೆ, ತಳದವರೆಗೆ ಇಳಿಯುವುದಿಲ್ಲ. ಟ್ಯಾಂಕ್ ತುಂಬಿರುವವರೆಗೆ ಗಾಡಿ ಚೆನ್ನಾಗಿ ಓಡುತ್ತದೆ, ಪೆಟ್ರೋಲ್ ಇಳಿದಂತೆ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿತೂತು ಮುಚ್ಚಿಕೊಂಡರೂ ನಮ್ಮದರದೇ ಲಕ್ಷಣ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿದರೆ ಉಸ್ಸೆಂದು ಗಾಳಿ ಒಳಗೆ ನುಗ್ಗುವ ಸದ್ದು ಕೇಳಿಸುತ್ತದೆ. ಇನ್ನು, ರೇಸ್ ಮಾಡಿದರೆ ಓಡಿ ಕಾಲೆತ್ತಿದರೆ ಆಫ್ ಆಗುವ ಗಾಡಿಯಾದರೆ, ಕಾರ್ಬ್ಯುರೇಟರಿನ ಪಕ್ಕದ ಸೊಲೆನಾಯ್ಡಿನ ವೈರ್ ಸಿಕ್ಕಿಸಿದ್ದಾರೆಯೇ ನೋಡಿ. ಕರೆಂಟ್ ಸಿಗದಿದ್ದರೆ ಅದು ಸ್ಲೋ ಜೆಟ್ಟಿನ ದಾರಿಯನ್ನು ಮುಚ್ಚಿಬಿಡುತ್ತದೆ.

ನಮ್ಮ ಕಡೆ ಇದಕ್ಕೆ ಮಳೆಗಾಲವೂ ಸೇರುತ್ತದೆ. ಇಂಜಿನ್ ಇಳಿಸಿದ ಗಾಡಿ ಪಾರ್ಟಿಗೆ ಕಾಯುತ್ತ ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಕೆಳಗೆ ನಿಂತರೆ ಟ್ಯಾಂಕಿನ ಖಾಲಿ ಭಾಗದಲ್ಲಿ ತೇವ ಕೂರುತ್ತದೆ, ತುಕ್ಕು ಏಳುತ್ತದೆ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ ನೀಡಲನ್ನು ಹಿಡಿದುಬಿಡುತ್ತದೆ. ಈಗಿನ ಪೆಟ್ರೋಲಿಗೆ ಇನ್ನೊಂದು ಗುಣವೂ ಇದೆ. ನೂರರಲ್ಲಿ 20 ಪಾಲು ಎಥನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಬೆರೆಸಿಕೊಂಡು ಉರಿದುಹೋಗುತ್ತದೆ. ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಪಂಪು ಎಳೆಯುವುದೂ ತಳದಿಂದಲೇ. ಬಾಟಲಿನ ಪೆಟ್ರೋಲನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟು ನೋಡಿದರೆ ಎರಡು ಪದರ ಬೇರೆಬೇರೆಯಾಗಿ ಕಾಣುತ್ತವೆ. ಎಥನಾಲಿಗೆಂದು ಮಾಡಿರದ ಹಳೆಯ ರಬ್ಬರ್ ಬೇಗ ಬಿರಿಯುವುದೂ ಉಂಟು. ಆದ್ದರಿಂದ ಹೊಸ ಹೋಸ್ ಹಾಕುವಾಗ ಎಥನಾಲ್ ತಡೆಯುವ ಪೆಟ್ರೋಲ್ ಹೋಸೇ ಬೇಕು, ಔಷಧಿ ಹೊಡೆಯುವ ಸ್ಪ್ರೇಯರಿನ ಪೈಪು ಕತ್ತರಿಸಿ ಹಾಕುವುದು ಬೇಡ. ಹಳೆ ಕಾರ್ಬ್ಯುರೇಟರಿಗೆ ಇ20 ಸ್ವಲ್ಪ ತೆಳು ಮಿಶ್ರಣವಾಗುತ್ತದೆ ಎಂಬ ಆತಂಕ ನಿಜ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯೇ ತೆಳುವಾಗಿ, ಸಮುದ್ರಮಟ್ಟಕ್ಕೆ ಸೆಟ್ ಆದ ಜೆಟ್ ಇಲ್ಲಿ ತುಸು ಹೆಚ್ಚೇ ಪೆಟ್ರೋಲ್ ಕೊಡುತ್ತದೆ. ಎರಡೂ ಒಂದನ್ನೊಂದು ಕೊಂಚ ಸರಿದೂಗಿಸುತ್ತವೆ. ಉಪ್ಪಿನಂಗಡಿಗೆ ಇಳಿದಾಗ ಮಾತ್ರ ಆ ಆಸರೆ ಇರುವುದಿಲ್ಲ.

2000ದ ಆಸುಪಾಸಿನಿಂದ ಬಂದ ಎಂಪಿಎಫ್‌ಐ ಗಾಡಿಗಳಲ್ಲಿ ಹುಡುಕುವ ದಾರಿ ಬೇರೆ. ಅಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿದೆ, ಒತ್ತಡ ಸುಮಾರು 3 ಬಾರ್. ಅದಕ್ಕೇ ಆ ಪೈಪನ್ನು ಸುಮ್ಮನೆ ಕಿತ್ತರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಮುಟ್ಟಬೇಕು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ಗುಯ್ಯೆನ್ನುವ ಸದ್ದು ಬಂದು ನಿಂತರೆ ಪಂಪಿಗೆ ಕರೆಂಟ್ ಇದೆ. ಸೆಲ್ಫ್ ಹೊಡೆಯುವಾಗ ಪಂಪೂ ಇಲ್ಲ, ಪ್ಲಗ್ಗಿನಲ್ಲಿ ಕರೆಂಟೂ ಇಲ್ಲ ಎಂದಾದರೆ ಎರಡು ದೋಷವನ್ನು ಹುಡುಕಬೇಡಿ. ಕ್ರ್ಯಾಂಕ್ ಸೆನ್ಸರಿನ ಪ್ಲಗ್ ಸಿಕ್ಕಿಸಿದ್ದಾರೆಯೇ ಎಂದು ನೋಡಿ. ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಆ ಸೆನ್ಸರಿನಿಂದ ಬರದಿದ್ದರೆ ಕಂಪ್ಯೂಟರು ಎರಡನ್ನೂ ಕೊಡುವುದಿಲ್ಲ.

ಡೀಸೆಲ್ ಜೀಪಿನವರಿಗೆ ಇದೆಲ್ಲ ಹೊಸದಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಇವತ್ತಿಗೂ ಮೂಟೆ ಹೊರುವ ಹಳೆ ಮಹೀಂದ್ರಗಳ ಇಂಜಿನ್ ಕೆಲಸವಾದ ಮೇಲೆ ಏರ್ ತೆಗೆಯುವುದೇ ಮೊದಲ ಶಾಸ್ತ್ರ. ಇಂಜೆಕ್ಟರ್ ತೆರೆಯಲು ನೂರಕ್ಕೂ ಹೆಚ್ಚು ಬಾರ್ ಒತ್ತಡ ಬೇಕು. ಡೀಸೆಲ್ ಹಿಂಡಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಲೈನಿನಲ್ಲಿ ಗುಳ್ಳೆಯಿದ್ದರೆ ಪಂಪಿನ ಶಕ್ತಿಯೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಕಳೆದುಹೋಗಿ ಇಂಜೆಕ್ಟರ್ ಬಾಯಿ ತೆರೆಯುವುದೇ ಇಲ್ಲ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ನೊರೆ ನಿಂತು ತಿಳಿ ಡೀಸೆಲ್ ಬರುವವರೆಗೆ ಕಾಯಬೇಕು. ಆಮೇಲೆ ಇಂಜೆಕ್ಟರಿನ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆದು ಅಲ್ಲಿಯ ಗಾಳಿಯನ್ನೂ ಬಿಡಿಸಬೇಕು. ಆ ಪಂಪಿನ ಮೇಲೆ ಕೆತ್ತಿರುವ ಮೈಕೋ ಎಂಬ ಹೆಸರು ನಮ್ಮ ಬೆಂಗಳೂರಿನದೇ. ಜರ್ಮನಿಯ ಬಾಷ್ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದ ಡೀಸೆಲ್ ಪಂಪು, 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಆಡುಗೋಡಿಯ ಕಾರ್ಖಾನೆಯ ಮೂಲಕ ದೇಶದ ಲಾರಿ, ಟ್ರ್ಯಾಕ್ಟರುಗಳನ್ನೆಲ್ಲ ಸೇರಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಆದರೂ ಗ್ಯಾರೇಜಿನವರ ಬಾಯಲ್ಲಿ ಅದು ಮೈಕೋ ಪಂಪಾಗಿಯೇ ಉಳಿದಿದೆ. ಈಗಿನ ಕಾಮನ್ ರೈಲ್ ಡೀಸೆಲ್ ಗಾಡಿಗಳ ಒತ್ತಡ 2000 ಬಾರ್‌ವರೆಗೂ ಹೋಗುತ್ತದೆ. ಅಲ್ಲಿ ನಟ್ಟು ಸಡಿಲಿಸಿ ನೋಡುವ ಹಳೆಯ ಪದ್ಧತಿ ಸಲ್ಲದು. ಆ ಧಾರೆ ಚರ್ಮ ಸೀಳಿ ಒಳಹೋಗುತ್ತದೆ.

ನಮ್ಮ ಜಿಪ್ಸಿಗೆ ಹೋಸ್ ಬದಲಿಸಿದರು, ಎರಡು ಕಡೆ ಹೊಸ ಕ್ಲಿಪ್ ಹಾಕಿದರು, ಫಿಲ್ಟರನ್ನೂ ಹೊಸದು ಮಾಡಿದರು. ಟ್ಯಾಂಕಿನ ತುಕ್ಕು ಕಲಕಿರುವುದರಿಂದ ಮುನ್ನೂರು ಕಿಲೋಮೀಟರಿಗೆ ಇನ್ನೊಮ್ಮೆ ಬದಲಿಸಿ ಎಂದರು. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಗುಂಡ್ಯದವರೆಗೆ ಇಳಿದು ಹತ್ತಿ ನೋಡೋಣ ಎಂದು ನಾನು ಕೀ ಹಿಡಿದೆ. "ತಡೀರಿ ಸಾರ್" ಎಂದು ಅವರು ಆಯಿಲ್ ಕಡ್ಡಿ ಎಳೆದು ಮೂಗಿನ ಹತ್ತಿರ ಹಿಡಿದರು. ಪಂಪಿನ ಡಯಾಫ್ರಮ್ ಹರಿದಿದ್ದರೆ ಪೆಟ್ರೋಲ್ ಒಳಗೊಳಗೇ ಆಯಿಲಿಗೆ ಇಳಿಯುತ್ತದಂತೆ. ಆಯಿಲ್ ತೆಳುವಾದರೆ ಹೊಸ ಬೇರಿಂಗುಗಳು ಉಳಿಯುವುದಿಲ್ಲ. ಮಟ್ಟ ಏರಿರಲಿಲ್ಲ, ವಾಸನೆ ಇರಲಿಲ್ಲ. ಕಡ್ಡಿ ಒರೆಸಿ, ಮತ್ತೊಮ್ಮೆ ಅದ್ದಿ ನೋಡಿ, ಮೊದಲಿನಂತೆ ಸಿಕ್ಕಿಸಿದರು. "ಈಗ ಹೋಗ್ಬನ್ನಿ. ಸೆಕೆಂಡ್ ಗೇರ್‌ನಾಗೇ ಹತ್ತಿಸಿ, ಹೊಸಾ ರಿಂಗು."